ಯಾರ ರಕ್ತವೆಂದು ಬಲ್ಲ ಜೀವಿ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳ್ಳಿಗಳಲ್ಲಿ ಬೆಳಗು ಹರಿಯುವುದೇ ದನದ ಮೈ ಮುಟ್ಟಿ. ಮೈಯೆಲ್ಲ ಬಿಳುಪಾದದ್ದು ಬಾಳಂಕ್ಯಾ, ಮುಖದ ಇಕ್ಕೆಲ ಕಪ್ಪಿದ್ದರೆ ವಾನೇರಾ, ಕಪ್ಪು ಮಚ್ಚೆಯದು ಶೇವೇರಾ ಎಂದು ದೇವಣಿ ರಾಸುಗಳನ್ನು ರೈತರು ದೂರದಿಂದಲೇ ಹೇಳಿಬಿಡುತ್ತಾರೆ. ಕೆಚ್ಚಲು ತೊಳೆದ ಕೈ ಮಗುವಿನ ಕೆನ್ನೆಯನ್ನೂ ಸವರುತ್ತದೆ. ಹೊಲ ಕಾಯುವ ನಾಯಿ ಬಂದು ಅದೇ ಕೈಯನ್ನು ನೆಕ್ಕುತ್ತದೆ. ಈ ಮುಟ್ಟಾಟದಲ್ಲಿ ಕಣ್ಣಿಗೆ ಕಾಣದ ಕೊಡುಕೊಳ್ಳುವಿಕೆಯೂ ನಡೆದಿರುತ್ತದೆ. ಅದನ್ನು ನೆನೆದಾಗ ನನಗೆ ಅಂಜಿಕೆಗಿಂತ ಬೆರಗೇ ಹೆಚ್ಚು.

1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್‌ಟನ್ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ದ್ರಾಕ್ಷಿ ಗೊಂಚಲಿನಂಥ ಗುಂಡು ಜೀವಿಗಳು ಕಂಡವು. ಅವೇ ಸ್ಟ್ಯಾಫಿಲೊಕಾಕಸ್. ಒಂದೊಂದೂ ಮಿಲಿಮೀಟರಿನ ಸಾವಿರದ ಒಂದು ಪಾಲು. ಇವುಗಳ ಪೈಕಿ ಆರಿಯಸ್ ಎಂಬುದು ಸುಮಾರು ನಾಲ್ವರಲ್ಲಿ ಒಬ್ಬರ ಮೂಗಿನಲ್ಲಿ ತೊಂದರೆ ಕೊಡದೆ ಇದ್ದುಕೊಂಡಿರುತ್ತದೆ. ಹಸುವಿನ ಕೆಚ್ಚಲು ಬಾವಿಗೂ ಅದೇ ದೊಡ್ಡ ಕಾರಣ. ನಾಯಿಯ ಬಾಯಿ, ಮೂಗು, ಚರ್ಮದಲ್ಲಿ ಸ್ಯೂಡಿಂಟರ್ಮೀಡಿಯಸ್ ಮನೆ ಮಾಡಿದೆ. ಹಂದಿಗೆ ಹೈಕಸ್, ಬೆಕ್ಕಿಗೆ ಫೆಲಿಸ್. ಡಾಲ್ಫಿನ್‌ಗಳಲ್ಲಿ ಸಿಕ್ಕಿದ ಡೆಲ್ಫಿನಿ ಕೂಡ ಒಂದಿದೆ.

ಬೆರಗಿನ ಸಂಗತಿ ಮುಂದಿದೆ. ಆರಿಯಸ್ ರಕ್ತದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ, ಆ ಮರೆಯಲ್ಲಿ ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಒಂದು ಪ್ರಾಣಿಯ ರಕ್ತ ಹೆಪ್ಪಾಗಿಸುವ ಪ್ರೋಟೀನ್ ಇನ್ನೊಂದರ ರಕ್ತದಲ್ಲಿ ಅಷ್ಟಾಗಿ ನಡೆಯದು. ಹಾಗಾಗಿ ಹಸು-ಕುರಿಗಳಲ್ಲಿ ನೆಲೆಸಿದ ತಳಿಗಳು ಅವುಗಳ ರಕ್ತಕ್ಕೇ ಒಗ್ಗುವ ಇನ್ನೊಂದು ಬಗೆಯ ಪ್ರೋಟೀನಿನ ಜೀನನ್ನು ಪಡೆದುಕೊಂಡಿವೆ. ಮನುಷ್ಯನ ರೋಗನಿರೋಧಕ ಶಕ್ತಿಯನ್ನು ಏಮಾರಿಸುವ ಕೆಲವು ಜೀನುಗಳು ಹಸುವಿನ ಮೈಯಲ್ಲಿ ಬೇಕಿಲ್ಲ. ಅಲ್ಲಿನ ತಳಿಗಳಲ್ಲಿ ಅವು ಸಾಮಾನ್ಯವಾಗಿ ಇರುವುದೇ ಇಲ್ಲ. ಕಣ್ಣಿಲ್ಲ, ಮಿದುಳಿಲ್ಲ, ಆದರೂ ತಾನು ಯಾರ ಮೈಯಲ್ಲಿದ್ದೇನೆಂಬ ಲೆಕ್ಕ ಅದರ ವಂಶದಲ್ಲೇ ಬರೆದಿದೆ!

ಪ್ರಾಣಿಗಳೇ ನಮಗೆ ರೋಗ ಅಂಟಿಸುತ್ತವೆ ಎಂದು ದೂರುವುದು ನಮ್ಮ ರೂಢಿ. ಆದರೆ ಹಂದಿ ಸಾಕುವವರಲ್ಲಿ ಕಂಡುಬಂದ ಎಸ್‌ಟಿ398 ಎಂಬ ಆರಿಯಸ್ ತಳಿಯ ವಂಶಾವಳಿಯನ್ನು 2012ರಲ್ಲಿ ಜೀನೋಮ್ ಓದಿ ಬಿಡಿಸಿ ನೋಡಿದರೆ, ಅದರ ಮೂಲ ಮನುಷ್ಯನಲ್ಲೇ ಇರುವ ಸೂಚನೆ ಸಿಕ್ಕಿತು. ನಮ್ಮಿಂದ ಹಂದಿಗೆ ಹೋಗಿ, ಅಲ್ಲಿ ಔಷಧಿಗಳಿಗೆ ಜಗ್ಗದ ಗುಣ ಗಳಿಸಿ, ಮತ್ತೆ ನಮ್ಮ ಬಳಿಗೇ ಬಂದಿತ್ತು.

ಪ್ರಯೋಗಾಲಯದಲ್ಲಿ ಈ ಜೀವಿಯ ಗುರುತು ಹಿಡಿಯುವುದೂ ಒಂದು ಸೊಗಸು. ಗಾಯದ ಕೀವನ್ನು ಕುರಿಯ ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಎಳೆದು 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ಹೊಂಬಣ್ಣದ್ದೋ ಬಿಳಿಯದೋ ಚುಕ್ಕಿಗಳು ಎದ್ದಿರುತ್ತವೆ. ಅದರಲ್ಲಿ ಒಂದನ್ನು ಮೊಲದ ಪ್ಲಾಸ್ಮಾದಲ್ಲಿ ಕಲಕಿ, ನಾಲ್ಕು ಗಂಟೆ ಬಿಟ್ಟು ನಳಿಗೆಯನ್ನು ಮೆಲ್ಲಗೆ ಓರೆ ಮಾಡಿದರೆ ದ್ರವ ಹರಿಯದೆ ಗಟ್ಟಿಯಾಗಿ ನಿಂತಿರುತ್ತದೆ. ತೊಡಕಿರುವುದೂ ಇಲ್ಲೇ. ಮೊಲದ ಪ್ಲಾಸ್ಮಾವನ್ನು ಆರಿಯಸ್ಸೂ ಹೆಪ್ಪಾಗಿಸುತ್ತದೆ, ನಾಯಿಯ ಸ್ಯೂಡಿಂಟರ್ಮೀಡಿಯಸ್ಸೂ ಹೆಪ್ಪಾಗಿಸುತ್ತದೆ. ಅಲ್ಲಿಗೇ ನಿಲ್ಲಿಸಿದರೆ ರಿಪೋರ್ಟಿನಲ್ಲಿ ಆರಿಯಸ್ ಎಂದೇ ಬರುತ್ತದೆ. ಪಿವೈಆರ್ ಎಂಬ ಪುಟ್ಟ ಪರೀಕ್ಷೆಯಲ್ಲಿ ನಾಯಿಯದು ಕೆಂಪು ಬಣ್ಣ ತೋರಿಸುತ್ತದೆ, ಆರಿಯಸ್ ತೋರಿಸುವುದಿಲ್ಲ. ಮಾಲ್ಡಿ-ಟಾಫ್ ಯಂತ್ರವಿದ್ದಲ್ಲಿ ಲೇಸರ್ ತಾಗಿದ ಪ್ರೋಟೀನುಗಳು ಹಾರುವ ವೇಗವನ್ನು ಅಳೆದು ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುತ್ತಾರೆ.

ಸ್ಯೂಡಿಂಟರ್ಮೀಡಿಯಸ್‌ಗೆ ಆ ಹೆಸರು ಬಂದದ್ದೇ 2005ರಲ್ಲಿ. ಮರುವರ್ಷವೇ ಮನುಷ್ಯನಲ್ಲಿ ಅದರ ಸೋಂಕಿನ ಮೊದಲ ವರದಿ ಬೆಲ್ಜಿಯಂನಿಂದ ಬಂತು. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪಬಹುದು: ಮೆಥಿಸಿಲಿನ್ ಎಂಬ ಔಷಧಿಗೆ ಜಗ್ಗದ ಆರಿಯಸ್ಸನ್ನು ಪತ್ತೆಹಚ್ಚುವ ಸೆಫಾಕ್ಸಿಟಿನ್ ಬಿಲ್ಲೆ ನಾಯಿಯ ಈ ಜೀವಿಯ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ, ಇದರ ಪರೀಕ್ಷೆಗೆ ಆಕ್ಸಾಸಿಲಿನ್ನೇ ಬೇಕು.

12ನೇ ಶತಮಾನದ ಕಲ್ಯಾಣದಲ್ಲಿ ತುರುಗಾಹಿ ರಾಮಣ್ಣನೆಂಬ ಶರಣನಿದ್ದ. ದನ ಕಾಯುವುದು ಅವನ ಕಾಯಕ, ಗೋಪತಿನಾಥ ವಿಶ್ವೇಶ್ವರಲಿಂಗ ಅವನ ಅಂಕಿತ. ಮಂದೆಯ ಒಂದೊಂದು ರಾಸನ್ನೂ ಬೇರೆಯಾಗಿ ಅರಿಯದೆ ಆ ಕಾಯಕ ಸಾಗದು. ತಟ್ಟೆಯ ಮೇಲಿನ ಚುಕ್ಕಿಯನ್ನು ಬೆಳಕಿಗೆ ಹಿಡಿದು ನೋಡುವ ಲ್ಯಾಬಿನ ಹುಡುಗಿಯದೂ ಅದೇ ಅರಿವಿನ ಕಾಯಕ. ನಮ್ಮ ಬೀದರಿನಲ್ಲಿ ವೈದ್ಯಕೀಯ ಕಾಲೇಜೂ ಇದೆ, ನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇದೆ. ಮನುಷ್ಯರ ಡಾಕ್ಟರೂ ದನದ ಡಾಕ್ಟರೂ ಒಂದೇ ಊರಿನ ನೀರು ಕುಡಿಯುತ್ತಾರೆ. ಅವರ ರಿಪೋರ್ಟುಗಳೂ ಒಂದನ್ನೊಂದು ನೋಡಬೇಕು.

ನಾಯಿ, ದನಗಳನ್ನು ದೂರವಿಡಿ ಎಂದು ನಾನು ಹೇಳಲಾರೆ. ಹಾಲು ಕರೆಯುವ ಮುನ್ನ, ಕರೆದ ಮೇಲೆ ಕೈ ತೊಳೆಯಿರಿ. ತೆರೆದ ಗಾಯವನ್ನು ನಾಯಿಗೆ ನೆಕ್ಕಲು ಬಿಡಬೇಡಿ. ಮಾಯದ ಗಾಯವನ್ನು ವೈದ್ಯರಿಗೆ ತೋರಿಸುವಾಗ, ಅವರು ಕೇಳದಿದ್ದರೂ ಮನೆಯಲ್ಲಿ ಯಾವ ಪ್ರಾಣಿ ಇದೆ ಎಂದು ನೀವೇ ಹೇಳಿ.