ಕಾಯ್ದವರು ಮತ್ತು ಮಾರಿದವರು

ತಾಳಿದವನು ಬಾಳಿಯಾನು ಎಂಬ ಮಾತನ್ನು ನಾವು ಹೆಣ್ಣುಮಕ್ಕಳು ಕೇಳಿದಷ್ಟು ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಈಗ ಷೇರುಪೇಟೆಯ ಪಂಡಿತರೂ ಅದನ್ನೇ ಹೇಳುತ್ತಾರೆ. ಒಳ್ಳೆಯ ತಂತ್ರಜ್ಞಾನ ಕಂಪನಿಯ ಷೇರು ಕೊಂಡು ಇಪ್ಪತ್ತು ವರ್ಷ ಮರೆತುಬಿಡಿ, ಲಕ್ಷ್ಮಿ ತಾನೇ ಒಲಿಯುತ್ತಾಳೆ ಎನ್ನುತ್ತಾರೆ.

ಅವರು ಕೊಡುವ ಉದಾಹರಣೆ ನಮ್ಮ ನಾಡಿನದೇ. 1993ರಲ್ಲಿ ಇನ್ಫೋಸಿಸ್ ಸಾರ್ವಜನಿಕರಿಗೆ ಷೇರು ಕೊಟ್ಟಾಗ ಒಂದರ ಬೆಲೆ 95 ರೂಪಾಯಿ. ಆಗ ಕೊಳ್ಳುವವರೇ ಸಾಲಲಿಲ್ಲ. 9,500 ರೂಪಾಯಿ ಕೊಟ್ಟು 100 ಷೇರು ಕೊಂಡು ಸುಮ್ಮನೆ ಕೂತವರ ಬಳಿ, ಬೋನಸ್ಸು ಮತ್ತು ವಿಭಜನೆಗಳಿಂದಾಗಿ, 2018ರ ಹೊತ್ತಿಗೆ 1,02,400 ಷೇರುಗಳಾಗಿದ್ದವು. ಕೇಳಿದರೆ ಯಾರಿಗಾದರೂ ಹೊಟ್ಟೆಯಲ್ಲಿ ಸಣ್ಣ ಸಂಕಟವಾಗುತ್ತದೆ. ಆದರೆ ನನಗೆ ಬರುವ ಪ್ರಶ್ನೆ ಬೇರೆ. 1995ರಲ್ಲಿ ಮಗಳ ಕಾಲೇಜಿನ ಫೀಸಿಗೆಂದು ಆ ಷೇರುಗಳನ್ನು ಮಾರಿದ ತಾಯಿಯೊಬ್ಬಳಿದ್ದರೆ, ಅವಳು ತಾಳ್ಮೆ ಇಲ್ಲದವಳೇ? ಕಾಯ್ದವರು ಅವಳಿಗಿಂತ ಗುಣವಂತರೇ?

ನನ್ನ ತವರು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ತುಂಗಭದ್ರೆಯ ದಂಡೆಯ ಊರು. ಅಲ್ಲಿರುವ ನಮ್ಮ ಚಿಗವ್ವನಿಗೆ ಒಮ್ಮೆ ಅವಳ ಮಗ, ಉಳ್ಳಾಗಡ್ಡಿ ಮಾರಿದ ಹಣದಲ್ಲಿ ಸ್ವಲ್ಪವನ್ನು ಕಂಪ್ಯೂಟರ್ ಕಂಪನಿಯ ಷೇರಿಗೆ ಹಾಕೋಣವೆಂದ. ಅವಳು ನನ್ನ ಕಡೆ ತಿರುಗಿ ಕೇಳಿದಳು: "ಎಮ್ಮಿ ತಗೋಬೇಕಾದ್ರ ಹಲ್ಲ ನೋಡ್ತೇವಿ, ಕೆಚ್ಚಲ ಮುಟ್ಟಿ ನೋಡ್ತೇವಿ, ಎರಡ ಹೊತ್ತ ಹಿಂಡಿ ನೋಡಿ ರೊಕ್ಕಾ ಕೊಡ್ತೇವಿ. ಕಣ್ಣಿಗೆ ಕಾಣದ ಈ ಕಂಪ್ನಿದು ಏನ್ ನೋಡೂದವ್ವಾ?"

ಷೇರು ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರಿ ಪತ್ತಿನ ಸಂಘ ಹುಟ್ಟಿತು. ದೇಶದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಅಂಥ ಊರ ಸಂಘದಲ್ಲಿ ಹಣ ಇಟ್ಟವರಿಗೆ ಸಾಲ ಪಡೆದವನ ಹೊಲ ಗೊತ್ತಿರುತ್ತದೆ, ಮನೆತನ ಗೊತ್ತಿರುತ್ತದೆ. ತಂತ್ರಜ್ಞಾನ ಕಂಪನಿಯ ಸರಕಾದರೋ ಕೈಗೆ ಸಿಗದು, ಯಜಮಾನರ ಮುಖ ಪತ್ರಿಕೆಯಲ್ಲಷ್ಟೇ ಕಾಣುವುದು.

ಆದರೂ ಚಿಗವ್ವನ ಪ್ರಶ್ನೆಗೆ ಉತ್ತರವಿದೆ. ಕಂಪನಿ ತೋರಿಸುವ ಲಾಭ ನಿಜವಾಗಿ ನಗದಾಗಿ ಬರುತ್ತಿದೆಯೇ? ಸಾಲ ಎಷ್ಟು? ಒಂದಿಬ್ಬರು ಗಿರಾಕಿಗಳನ್ನೇ ನಂಬಿದೆಯೇ? ಯಜಮಾನರು ತಮ್ಮ ಷೇರುಗಳನ್ನು ಒತ್ತೆ ಇಟ್ಟಿದ್ದಾರೆಯೇ? ಇಂದು ಮಾರುವ ಕೆಲಸವನ್ನು ನಾಳೆ ಯಂತ್ರವೇ ಮಾಡಿಬಿಟ್ಟರೆ ಮುಂದೇನು? ಇಷ್ಟೆಲ್ಲ ಸರಿಯಿದ್ದರೂ, ಕೇಳುವ ಬೆಲೆ ಲಾಭಕ್ಕೆ ತಕ್ಕುದೇ? ಇವೇ ಅದರ ಹಲ್ಲು, ಇವೇ ಕೆಚ್ಚಲು.

ನೋಡದೆ ಕಾಯ್ದರೆ ಏನಾಗುತ್ತದೆಂಬುದಕ್ಕೂ ಕಥೆಯಿದೆ. ಸತ್ಯಂ ಕಂಪನಿಯ ಷೇರುದಾರರಲ್ಲೂ ತಾಳ್ಮೆಯವರಿದ್ದರು. 2008ರ ಡಿಸೆಂಬರಿನಲ್ಲಿ ಆ ಸಾಫ್ಟ್‌ವೇರ್ ಕಂಪನಿ ಯಜಮಾನರ ಮಕ್ಕಳಿಗೆ ಸೇರಿದ ಭೂಮಿ-ಕಟ್ಟಡದ ಕಂಪನಿಗಳನ್ನು ಕೊಳ್ಳಹೊರಟಾಗ ಎಚ್ಚರವಿದ್ದವರು ಗಲಾಟೆ ಎಬ್ಬಿಸಿದರು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕಪುಸ್ತಕದಲ್ಲಿದ್ದ 5,000 ಕೋಟಿಗೂ ಮಿಕ್ಕ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರು ಮುಕ್ಕಾಲು ಪಾಲು ಬೆಲೆ ಕಳೆದುಕೊಂಡಿತು. ಅಮಳನೇರದ ಕಥೆ ಇದಕ್ಕೆ ತೀರ ವಿರುದ್ಧ. ಮಹಾರಾಷ್ಟ್ರದ ಆ ಸಣ್ಣ ಊರಿನಲ್ಲಿ 1945ರಲ್ಲಿ ಅಡುಗೆ ಎಣ್ಣೆಯ ಕಂಪನಿಯಾಗಿ ಹುಟ್ಟಿದ್ದು ವಿಪ್ರೋ. ಅದರ ಷೇರುಗಳನ್ನು ಮಾರದೆ ಉಳಿಸಿಕೊಂಡ ಅಲ್ಲಿನ ಎಷ್ಟೋ ಮನೆಗಳು ಮುಂದೆ ಸಿರಿವಂತವಾದವು. ಎಣ್ಣೆಗೆಂದು ಹಾಕಿದ ಹಣ ಕಂಪ್ಯೂಟರಿನಲ್ಲಿ ಫಲ ಕೊಟ್ಟೀತೆಂದು ಅವರಲ್ಲಿ ಯಾರು ಎಣಿಸಿದ್ದರು? ಎರಡೂ ಕಡೆ ತಾಳ್ಮೆ ಒಂದೇ, ಫಲ ಮಾತ್ರ ಬೇರೆ. ಹಾಗಾದ ಮೇಲೆ ಫಲವನ್ನು ನೋಡಿ ತಾಳ್ಮೆಗೆ ಪುಣ್ಯದ ಪಟ್ಟ ಕಟ್ಟುವುದು ಹೇಗೆ?

ಇನ್ನೊಂದು ಮಾತಿದೆ. ಕಾಯಲು ಹೊಟ್ಟೆ ತುಂಬಿರಬೇಕು. 2000ದ ಮಾರ್ಚಿನಲ್ಲಿ ಶಿಖರ ಮುಟ್ಟಿ ಕುಸಿದ ಅಮೆರಿಕದ ನಾಸ್ಡಾಕ್ ಸೂಚ್ಯಂಕ ಮತ್ತೆ ಆ ಎತ್ತರಕ್ಕೆ ಬರಲು ಹದಿನೈದು ವರ್ಷ ಹಿಡಿಯಿತು. ಹದಿನೈದು ವರ್ಷದಲ್ಲಿ ಒಂದು ಮನೆಯಲ್ಲಿ ಏನೇನು ನಡೆಯುವುದಿಲ್ಲ? ಮಕ್ಕಳು ಓದಿ ಮುಗಿಸುತ್ತಾರೆ, ಹಿರಿಯರು ಹಾಸಿಗೆ ಹಿಡಿಯುತ್ತಾರೆ, ಎರಡು ಬರಗಾಲವಾದರೂ ಬಂದು ಹೋಗುತ್ತವೆ. ತಿಂಗಳ ಸಂಬಳ ತಪ್ಪದವರು ಕಾಯಬಲ್ಲರು. ಮಳೆಯನ್ನೇ ನಂಬಿದವಳ ಹಣಕ್ಕೆ ಅಷ್ಟು ಬಿಡುವಿಲ್ಲ.

ಆದ್ದರಿಂದ ಹತ್ತು ವರ್ಷ ಬೇಡವೇ ಬೇಡ ಎನ್ನುವಂಥ ಹಣವಿದ್ದರೆ ಮಾತ್ರ, ಅದೂ ನೋಡಿ, ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಿ, ಇಡಬಹುದು. ಕಾಯ್ದು ಸಿರಿವಂತರಾದವರು ಸಂತೋಷಪಡಲಿ, ಅದನ್ನು ಪೂರ್ತಿ ತಮ್ಮ ಗುಣವೆಂದು ಹೇಳಿಕೊಳ್ಳದಿರಲಿ. ಮಗಳ ಫೀಸಿಗೆಂದು ಮಾರಿದ ತಾಯಿಯ ಲೆಕ್ಕದಲ್ಲಿ ಒಂದು ಲಕ್ಷ ಷೇರು ಇಲ್ಲದಿರಬಹುದು. ಓದಿದ ಮಗಳು ಇದ್ದಾಳೆ. ಆ ಹಣವೂ ದೀರ್ಘಕಾಲಕ್ಕೇ ಹೂಡಿದ್ದು.