ಮೊದಲ ನೋಟದ ತೀರ್ಪು



ಪರದೇಶಕ್ಕೆ ಹೋದವರು ಮೊದಲು ಮೋಸ ಹೋಗುವುದು ತಮ್ಮ ಕಣ್ಣಿನಿಂದಲೇ. 2009ರ ಸೆಪ್ಟೆಂಬರಿನಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ರೋಮ್ ನಗರಕ್ಕೆ ಹೋದಾಗ ಮೊದಲ ದಿನವೇ ನಾನು ಈ ಪಾಠ ಕಲಿತೆ. ಕೈ ತೊಳೆಯಲು 'ಸಿ' ಅಕ್ಷರವಿದ್ದ ನಲ್ಲಿಯನ್ನು ತಿರುಗಿಸಿದೆ. ಇಂಗ್ಲಿಷ್ ಓದಿದ ನನ್ನ ಲೆಕ್ಕದಲ್ಲಿ ಅದು ತಣ್ಣೀರು. ಬಂದದ್ದು ಸುಡುವ ಬಿಸಿನೀರು! ಇಟಾಲಿಯನ್ ಭಾಷೆಯಲ್ಲಿ 'ಕಾಲ್ದೊ' ಎಂದರೆ ಬಿಸಿ. ಆ 'ಸಿ' ಅದರ ಮೊದಲಕ್ಷರ. ಕೈಯ ಉರಿ ಸಂಜೆಗೆ ಆರಿತು. ಮನಸ್ಸಿನ ಉರಿ ಆರಲು ಇನ್ನೂ ಕೆಲವು ದಿನ ಬೇಕಾಯಿತು.

ನಾನಿದ್ದ ಗುರುನಿವಾಸದ ಬಾಗಿಲಲ್ಲಿ ವಯಸ್ಸಾದ ಒಬ್ಬರು ಕುಳಿತಿರುತ್ತಿದ್ದರು. ನಾನು ಹೊರಗೆ ಹೊರಟಾಗಲೆಲ್ಲ "ಚೇನಾ?" ಎಂದು ಗಟ್ಟಿಯಾಗಿ ಕೂಗಿ ಕೇಳುತ್ತಿದ್ದರು. ರಾತ್ರಿಯ ಊಟಕ್ಕೆ ಬರುತ್ತೀರಾ ಎಂದು ಅದರ ಅರ್ಥ. ಆ ಒಂದು ಪದ ನನಗೆ ಗೊತ್ತಿತ್ತು. ನಮ್ಮೂರಿನಲ್ಲಿ 'ಹೂಂ' ಎನ್ನುವಾಗ ಮಾಡುವಂತೆ ತಲೆಯನ್ನು ಆ ಕಡೆ ಈ ಕಡೆ ಓಲಾಡಿಸಿ ಮುಂದೆ ಹೋಗುತ್ತಿದ್ದೆ. ರಾತ್ರಿ ಊಟದ ಮನೆಗೆ ಹೋದರೆ ಎಲ್ಲರಿಗೂ ತಟ್ಟೆ ಇಟ್ಟಿದೆ, ನನಗೆ ಮಾತ್ರ ಇಲ್ಲ. ಕೇಳೋಣವೆಂದರೆ ಭಾಷೆಯಿಲ್ಲ, ಸ್ವಾಭಿಮಾನವೂ ಬಿಡಲಿಲ್ಲ. ಮೂರು ರಾತ್ರಿ ಕೋಣೆಯಲ್ಲಿ ಬಿಸ್ಕತ್ತು ತಿಂದು ಮಲಗಿದೆ.

ಮೂರನೆಯ ರಾತ್ರಿ ಅಮ್ಮನಿಗೆ ಫೋನ್ ಮಾಡಿ, "ಇವರಿಗೆ ನಮ್ಮಂಥ ಕಪ್ಪು ಜನ ಬೇಕಾಗಿಲ್ಲ ಅಮ್ಮಾ" ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಊಟ ಹಾಕಬಾರದು ಅಂತಿದ್ದರೆ ದಿನಾ ಊಟಕ್ಕೆ ಬರ್ತೀಯಾ ಅಂತ ಯಾಕೆ ಕೇಳ್ತಾರೆ?" ಎಂದರು. ಗುರುಮಠದಲ್ಲಿ ತರ್ಕಶಾಸ್ತ್ರ ಓದಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವರು ಕೇರಳದಿಂದ ಬಂದು ಅಲ್ಲಿ ಎರಡು ವರ್ಷ ಕಳೆದಿದ್ದ ಗುರುಗಳೊಬ್ಬರು. ಹೂಂ ಎಂಬ ನಮ್ಮ ತಲೆಯಾಟ ಆ ಹಿರಿಯರ ಕಣ್ಣಿಗೆ 'ಬೇಡ' ಎಂದು ಕಂಡಿತ್ತು. ಈ ಭಾರತೀಯ ಗುರು ಉಪವಾಸ ಮಾಡುವ ತಪಸ್ವಿಯಿರಬೇಕು ಎಂದು ಅಡುಗೆಯವರಿಗೂ ಅವರು ಹೇಳಿದ್ದರಂತೆ! ನಾನು ಅವರನ್ನು ದ್ವೇಷಿ ಎಂದುಕೊಂಡೆ, ಅವರು ನನ್ನನ್ನು ಸಂತನೆಂದುಕೊಂಡರು. ಇಬ್ಬರ ಎಣಿಕೆಯೂ ತಪ್ಪು. ಅವರು ಕೂಗಿ ಮಾತನಾಡುತ್ತಿದ್ದದ್ದು ಕೋಪದಿಂದಲ್ಲ, ಗಟ್ಟಿಯಾಗಿ ಹೇಳಿದರೆ ಅರ್ಥವಾದೀತೆಂಬ ಆಸೆಯಿಂದ. ಕನ್ನಡ ಬಾರದವರ ಮುಂದೆ ನಾವು ಮಾಡುವುದೂ ಅದನ್ನೇ ಅಲ್ಲವೇ?

ಹಾಗಾದರೆ ಮೊದಲ ನೋಟಕ್ಕೆ ಒಂದು ಅನಿಸಿಕೆ ಹುಟ್ಟುವುದು ಪಾಪವೇ? ಖಂಡಿತ ಅಲ್ಲ. ಅನಿಸಿಕೆ ಕರೆಯದೆ ಬರುತ್ತದೆ. ಆದರೆ ತೀರ್ಪು ಹಾಗಲ್ಲ. ಅದಕ್ಕೆ ನಮ್ಮ ಮನಸ್ಸಿನ ಒಪ್ಪಿಗೆ ಬೇಕು. ಸಾಕಷ್ಟು ಆಧಾರವಿಲ್ಲದೆ ಒಪ್ಪಿಗೆ ಕೊಟ್ಟಾಗ ಎದುರಿಗಿರುವವನಿಗೆ ಅನ್ಯಾಯವಾಗುತ್ತದೆ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದನ್ನು ನ್ಯಾಯದ ಪ್ರಶ್ನೆಯಾಗಿಯೇ ವಿಚಾರ ಮಾಡಿದ್ದಾರೆ. ಕೆಟ್ಟವನನ್ನು ಒಳ್ಳೆಯವನೆಂದು ತಿಳಿದು ಅನೇಕ ಸಲ ಮೋಸ ಹೋದರೂ ಚಿಂತೆಯಿಲ್ಲ, ಒಳ್ಳೆಯವನನ್ನು ಕೆಟ್ಟವನೆಂದು ತಿಳಿದು ಅಪರೂಪಕ್ಕೆ ತಪ್ಪುವುದು ಅದಕ್ಕಿಂತ ಕೆಟ್ಟದ್ದು ಎಂಬುದು ಅವರ ಅಭಿಪ್ರಾಯ.

"ಹಾಗಿದ್ದರೆ ಈ ಕಾಲದಲ್ಲಿ ಬದುಕಲು ಸಾಧ್ಯವೇ ಸ್ವಾಮಿ?" ಎಂದು ನೀವು ಕೇಳಬಹುದು. ಬಾಗಿಲಿಗೆ ಬೀಗ ಹಾಕುವುದು ಬೇರೆ, ಬಾಗಿಲಲ್ಲಿ ನಿಂತವನನ್ನು ಕಳ್ಳನೆಂದು ತೀರ್ಮಾನಿಸುವುದು ಬೇರೆ. ಹೊರದೇಶದಲ್ಲಿ ಬಣ್ಣ ನೋಡಿ ಅವಮಾನ ಮಾಡುವವರು ಇಲ್ಲವೆಂದು ನಾನು ಹೇಳುವುದಿಲ್ಲ; ಇದ್ದಾರೆ. ಆದರೆ ಆ ದೊಡ್ಡ ಆರೋಪವನ್ನು ಒಂದು ತಟ್ಟೆ ಕಾಣದ ಮಾತ್ರಕ್ಕೆ ಹೊರಿಸಲಾಗದು.

ಭಾಷೆಯಿಲ್ಲದ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಭಾಷೆ ತಿಳಿಯದ ಪರದೇಶಿಯ ಜೊತೆಗಿರುವುದಕ್ಕಿಂತ ಮನುಷ್ಯನಿಗೆ ತನ್ನ ನಾಯಿಯ ಜೊತೆಗಿರುವುದೇ ಹಿತವೆನಿಸುತ್ತದೆ ಎಂಬ ಕಹಿ ಸತ್ಯವನ್ನು ಸಂತ ಅಗಸ್ಟೀನರು 'ದೇವನಗರ' ಗ್ರಂಥದಲ್ಲಿ ಗುರುತಿಸಿದ್ದಾರೆ. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಇನ್ನೊಂದು ಮುಖವನ್ನು ತೋರಿಸುತ್ತಾರೆ: ಭಾಷೆ ತಿಳಿಯದಿದ್ದರೆ ಅವನು ಮಾತ್ರ ನನಗೆ ಪರಕೀಯನಲ್ಲ, ನಾನೂ ಅವನಿಗೆ ಪರಕೀಯನೇ. ಅಲ್ಲಿ ಬರುವ ಗ್ರೀಕ್ ಪದ ನಮ್ಮ 'ಬರ್ಬರ' ಎಂಬ ಮಾತಿನ ಬಂಧು.

ಹಡಗು ಒಡೆದು ಪೌಲರೂ ಜೊತೆಯವರೂ ಮಾಲ್ಟಾ ದ್ವೀಪದ ದಡ ಸೇರಿದ ಪ್ರಸಂಗದಲ್ಲಿ ಅಲ್ಲಿನ ಜನರನ್ನು ಸಂತ ಲೂಕರು ಕರೆಯುವುದೂ ಅದೇ ಪದದಿಂದ. ಹಾವು ಪೌಲರ ಕೈಗೆ ಸುತ್ತಿಕೊಂಡಾಗ ಆ ಜನ ಇವನು ಕೊಲೆಗಾರ ಎಂದರು. ಹಾವಿನ ವಿಷ ತಗಲದಿದ್ದಾಗ ಇವನು ದೇವರು ಎಂದರು. ಎರಡೂ ತಪ್ಪೇ. ಆದರೆ ಈ ಎರಡು ತೀರ್ಪಿಗೂ ಮೊದಲು ಅವರು ಒಂದು ಕೆಲಸ ಮಾಡಿದ್ದರು. ಮಳೆಯಲ್ಲಿ ನೆನೆದು ನಡುಗುತ್ತಿದ್ದ 276 ಮಂದಿ ಅಪರಿಚಿತರಿಗೆ ಬೆಂಕಿ ಹೊತ್ತಿಸಿಕೊಟ್ಟಿದ್ದರು. ಚಳಿಯಾಗಿದೆ ಎಂದು ತಿಳಿಯಲು ಅವರಿಗೆ ಭಾಷೆ ಬೇಕಾಗಲಿಲ್ಲ.

ನಿಮ್ಮ ಮಗನೋ ಮಗಳೋ ದುಡಿಯಲು ಕುವೈತಿಗೋ ಜರ್ಮನಿಗೋ ಹೋಗಿ ಮೊದಲ ವಾರದಲ್ಲೇ "ಇಲ್ಲಿಯ ಜನ ಸರಿಯಿಲ್ಲ" ಎಂದು ಫೋನಿನಲ್ಲಿ ಅತ್ತರೆ, ಸಮಾಧಾನ ಹೇಳಿ. ಜೊತೆಗೆ ನನ್ನ ಅಮ್ಮ ಕೇಳಿದಂಥ ಒಂದು ಪ್ರಶ್ನೆಯನ್ನೂ ಕೇಳಿ. ಹಾಗೆಯೇ ಝಾರ್ಖಂಡ್, ಒಡಿಶಾಗಳಿಂದ ಕೆಲಸಕ್ಕೆ ಬಂದವರು ನಮ್ಮ ಚರ್ಚಿನ ಕೊನೆಯ ಸಾಲಿನಲ್ಲಿ ಮಾತಿಲ್ಲದೆ ನಿಂತಿದ್ದರೆ, ಅವರಿಗೆ ಗರ್ವವೆಂದೋ ಬುದ್ಧಿ ಸಾಲದೆಂದೋ ತೀರ್ಮಾನಿಸಬೇಡಿ. ಅವರ ಭಾಷೆಯ ಎರಡು ಪದ ಕಲಿಯಿರಿ.

ಭಾನುವಾರದ ಪೂಜೆ ಮುಗಿದ ಮೇಲೆ ನನ್ನ ಹರುಕುಮುರುಕು ಹಿಂದಿಯಲ್ಲಿ ನಾನು ಅವರನ್ನು "ಊಟ ಆಯಿತೇ?" ಎಂದು ಕೇಳುತ್ತೇನೆ. ಅವರು ತಲೆಯಾಡಿಸಿದರೆ ಅಷ್ಟಕ್ಕೇ ಬಿಡುವುದಿಲ್ಲ, ಬಾಯಿಬಿಟ್ಟು ಹೇಳುವವರೆಗೆ ಕಾಯುತ್ತೇನೆ.