ನ್ಯಾಯವಾದಿಯ ನಾಲಗೆ

ತಾನು ಅಪರಾಧಿಯೆಂದು ಕಕ್ಷಿಗಾರನು ಏಕಾಂತದಲ್ಲಿ ಒಪ್ಪಿಕೊಂಡ ಮೇಲೂ ವಕೀಲನಾದವನು ಅವನ ಪರವಾಗಿ ವಾದಿಸಬಹುದೇ? ಈ ಪ್ರಶ್ನೆಯನ್ನು ಕೇಳುವವರು ಉತ್ತರವನ್ನೂ ತಾವೇ ನಿಶ್ಚಯಿಸಿಕೊಂಡಿರುವುದು ವಾಡಿಕೆ; ಸುಳ್ಳನ್ನು ಮಾರಿ ಹೊಟ್ಟೆ ಹೊರೆಯುವ ಉದ್ಯೋಗವು ಕಾಯಕವೆನಿಸಲಾರದೆಂಬುದು ಅವರ ಮತ. ವಿಷಯವು ಅಷ್ಟು ಸುಲಭವಾದುದಲ್ಲ.

೧೮೪೦ರ ಮೇ ತಿಂಗಳಲ್ಲಿ ಲಂಡನ್ ನಗರದಲ್ಲಿ ಲಾರ್ಡ್ ವಿಲಿಯಂ ರಸೆಲ್ ಎಂಬ ವೃದ್ಧರನ್ನು ಅವರ ಶಯನಗೃಹದಲ್ಲಿಯೇ ಕತ್ತು ಕೊಯ್ದು ಕೊಲ್ಲಲಾಯಿತು. ಅವರ ಸೇವಕನಾಗಿದ್ದ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಎಂಬವನ ಮೇಲೆ ಆರೋಪ ಬಂದಿತು. ಇಂತಹ ಘೋರಾಪರಾಧದ ವಿಚಾರಣೆಯಲ್ಲಿ ಆರೋಪಿಯ ವಕೀಲನು ಜೂರಿಯನ್ನುದ್ದೇಶಿಸಿ ವಾದಿಸುವ ಹಕ್ಕು ಇಂಗ್ಲೆಂಡಿನಲ್ಲಿ ದೊರೆತು ಆಗಿನ್ನೂ ನಾಲ್ಕೇ ವರ್ಷಗಳಾಗಿದ್ದವು. ಚಾರ್ಲ್ಸ್ ಫಿಲಿಪ್ಸ್ ಎಂಬ ಹೆಸರಾಂತ ವಕೀಲರು ಅವನ ಪರವಾಗಿ ನಿಂತರು. ಮೊದಲನೆಯ ದಿನ, ಅವನು ನಿರಪರಾಧಿಯೆಂದೇ ನಂಬಿ, ಮನೆಗೆಲಸದ ಹೆಣ್ಣುಮಗಳನ್ನು ಪಾಟೀಸವಾಲಿನಲ್ಲಿ ಬಹಳವಾಗಿ ಜಗ್ಗಾಡಿದರು. ಕಳುವಾಗಿದ್ದ ಬೆಳ್ಳಿಯ ಸಾಮಾನು ಒಂದು ಹೋಟೆಲಿನಲ್ಲಿ ಪತ್ತೆಯಾಯಿತು. ಎರಡನೆಯ ದಿನ ಆರೋಪಿಯು ವಕೀಲರನ್ನು ಕರೆದು, ಕೊಲೆ ಮಾಡಿದವನು ತಾನೇ ಎಂದು ಒಪ್ಪಿಕೊಂಡನು; ಆದರೂ ಕೊನೆಯವರೆಗೆ ತನಗಾಗಿ ವಾದಿಸಲೇಬೇಕೆಂದನು.

ವಕಾಲತ್ತನ್ನು ಬಿಟ್ಟುಬಿಡಬೇಕೆಂದೇ ಫಿಲಿಪ್ಸರಿಗೆ ಮೊದಲು ತೋರಿತು. ಆದರೆ ವಿಚಾರಣೆಯ ನಡುವೆ ವಕೀಲನು ಕೈಬಿಟ್ಟು ಎದ್ದರೆ, ಕಕ್ಷಿಗಾರನ ಗುಟ್ಟನ್ನು ಜೂರಿಯ ಮುಂದೆ ಬಾಯಿಬಿಟ್ಟು ಹೇಳಿದಂತೆಯೇ ಸರಿ. ಪೀಠದಲ್ಲಿದ್ದ ಇಬ್ಬರು ನ್ಯಾಯಾಧೀಶರಲ್ಲೊಬ್ಬರಾದ ಪಾರ್ಕ್ ಎಂಬವರನ್ನು ಅವರು ಸಲಹೆ ಕೇಳಿದರು. ಕಕ್ಷಿಗಾರನು ಬಯಸುವುದಾದರೆ ವಾದಿಸಲೇಬೇಕು, ಸಾಕ್ಷ್ಯದಿಂದ ಹೊರಡುವ ನ್ಯಾಯವಾದ ತರ್ಕಗಳನ್ನೆಲ್ಲ ಬಳಸಬೇಕು ಎಂಬ ಉತ್ತರ ದೊರೆಯಿತು. (ವಿಚಾರಿಸುವ ನ್ಯಾಯಾಧೀಶರ ಕಿವಿಗೇ ಈ ಗುಟ್ಟನ್ನು ಹಾಕಿದುದು ಫಿಲಿಪ್ಸರ ಮಿಕ್ಕ ತಪ್ಪುಗಳಿಗಿಂತ ದೊಡ್ಡದೆಂದು ನಮಗೆ ತೋರುತ್ತದೆ.) ಅವರು ವಾದಿಸಿದರು, ಫಲವಾಗಲಿಲ್ಲ. ಜುಲೈ ೬ರಂದು ಕೂರ್ವಾಸಿಯೆಗೆ ಗಲ್ಲಾಯಿತು. ವಕೀಲರ ಮೇಲಿನ ನಿಂದೆ ಮಾತ್ರ ೧೮೪೯ರಲ್ಲಿ ಪತ್ರಿಕೆಗಳಲ್ಲಿ ಮತ್ತೆ ತಲೆಯೆತ್ತಿತು.

ಆ ನಿಂದೆಯೆಲ್ಲವೂ ಅನ್ಯಾಯವೆಂದು ಹೇಳಲಾರೆವು. ಈ ಸಾಕ್ಷ್ಯದಿಂದ ಅಪರಾಧವು ಸಿದ್ಧವಾಗಿಲ್ಲವೆನ್ನುವುದು ಒಂದು. ಇವನು ನಿರಪರಾಧಿಯೆಂದು ನಾನು ಬಲ್ಲೆನೆನ್ನುವುದು ಮತ್ತೊಂದು. ಮೊದಲನೆಯದು ತಕ್ಕಡಿಯು ನೆಟ್ಟಗಿದೆಯೇ ಎಂದು ನೋಡುವ ಕೆಲಸ, ಎರಡನೆಯದು ಶುದ್ಧ ಅಸತ್ಯ. ಮಾತಿನ ರಭಸದಲ್ಲಿ ಇವೆರಡರ ನಡುವಣ ಗೆರೆ ಅಳಿಸಿಹೋಗುವುದು ಬಹು ಸುಲಭ. ಬೆಳ್ಳಿಯ ವಿಷಯವಾಗಿ ಸಾಕ್ಷಿ ನುಡಿದ ಹೋಟೆಲಿನ ಒಡತಿಯ ಮರ್ಯಾದೆಯ ಮೇಲೆ ಫಿಲಿಪ್ಸರು ಕೆಸರೆರಚಿದರು. ಆಕೆ ನುಡಿದುದು ದಿಟವೆಂಬುದು ಆ ವೇಳೆಗೆ ಅವರಿಗೆ ತಿಳಿದಿತ್ತು. 

ನಮ್ಮಲ್ಲಿ ೧೮೭೨ರ ಸಾಕ್ಷ್ಯ ಅಧಿನಿಯಮವು, ತಕ್ಕ ಆಧಾರವಿಲ್ಲದೆ ಸಾಕ್ಷಿಯ ಶೀಲಕ್ಕೆ ಕಳಂಕ ಹಚ್ಚುವ ಪ್ರಶ್ನೆಯನ್ನು ಕೇಳಕೂಡದೆಂದೂ, ಅವಮಾನಿಸುವುದೇ ಉದ್ದೇಶವಾದ ಪ್ರಶ್ನೆಯನ್ನು ನ್ಯಾಯಾಲಯವು ತಡೆಯತಕ್ಕದ್ದೆಂದೂ ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಆದರೆ ಎದುರಿಗಿರುವ ಸಾಕ್ಷಿಯು ದಿಟವನ್ನೇ ಹೇಳುತ್ತಿರುವನೆಂಬುದು ಪ್ರಶ್ನೆ ಕೇಳುವ ವಕೀಲನೊಬ್ಬನಿಗೇ ಗೊತ್ತಿರುವಾಗ, ನ್ಯಾಯಾಧೀಶನು ಏನನ್ನು ತಾನೇ ತಡೆದಾನು?

ಹಾಗಾದರೆ ಇಂಥವರ ವಕಾಲತ್ತೇ ಬೇಡವೆನ್ನೋಣವೆಂದರೆ, ಆರೋಪಿಗೆ ಮೊದಲನೆಯ ನ್ಯಾಯಾಧೀಶನು ಅವನೇ ಫೀ ಕೊಟ್ಟು ಗೊತ್ತುಮಾಡಿಕೊಂಡ ವಕೀಲನಾಗುವನು. ಇಂತಹ ಆರೋಪಿಯ ಪರವಾಗಿ ಯಾರೂ ನಿಲ್ಲಕೂಡದೆಂದು ಕೆಲವು ವಕೀಲರ ಸಂಘಗಳು ನಿರ್ಣಯ ಮಾಡಿದ್ದುಂಟು. ಅಂತಹ ನಿರ್ಣಯಗಳು ಶೂನ್ಯವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಸಾರಿತು. ಅಪರಾಧದ ವಿಷಯದಲ್ಲಿ ತನ್ನ ಸ್ವಂತ ಅಭಿಪ್ರಾಯವೇನೇ ಇರಲಿ, ವಕೀಲನು ಆರೋಪಿಯನ್ನು ಸಮರ್ಥಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ಆರೋಪಿಯ ನಿರಪರಾಧಿತ್ವವನ್ನು ತೋರಬಲ್ಲ ಸಂಗತಿಯನ್ನು ಸರಕಾರದ ವಕೀಲನು ಮುಚ್ಚಿಡಬಾರದೆಂದೂ ಅದೇ ನಿಯಮಾವಳಿಯು ಹೇಳುತ್ತದೆ. ಈ ಎರಡನೆಯದನ್ನು ನೆನೆಯುವವರು ಕಡಮೆ.

ಪಾರ್ಕರ ಸಲಹೆಯಲ್ಲಿ ‘ನ್ಯಾಯವಾದ’ ಎಂಬ ವಿಶೇಷಣವೊಂದಿತ್ತು. ಹೋಟೆಲಿನ ಒಡತಿಯನ್ನು ಹಳಿಯದೆ ಫಿಲಿಪ್ಸರು ಸುಮ್ಮನಿದ್ದಿದ್ದರೆ ಕಕ್ಷಿಗಾರನಿಗೆ ದ್ರೋಹವಾಗುತ್ತಿತ್ತೇ? ಆಗುತ್ತಿರಲಿಲ್ಲವೆಂದೇ ನಮ್ಮೆಣಿಕೆ. ಹಿರಿಯ ವಕೀಲರಾದ ಮಿತ್ರರೊಬ್ಬರು ಇದನ್ನೊಪ್ಪರು. ಕೊರಳಿಗೆ ಹಗ್ಗ ಬರಲಿರುವವನ ಪಕ್ಕದಲ್ಲಿ ನಿಂತು ನೋಡಿದರೆ ಅದು ಬೇರೆಯಾಗಿಯೇ ಕಾಣುವುದೆನ್ನುವರು.